ತೆರೆದ ಬೆನ್ನಿನ ಹೆಡ್‌ಫೋನ್

ನಗೋಯಾ, ಮೊರಿಯಾಮಾ
ಫೆಬ್ರವರಿ ಹದಿನೈದು, ಮಧ್ಯಾಹ್ನ

ಕುನಿಹಿಕೊ ಅವರಿಗೆ ತೊಶಿಯೆಯ ನಮಸ್ಕಾರಗಳು.

ಆರೋಗ್ಯವಾಗಿದ್ದೀರಾ? ಕುಶಿರೋದ ನದಿಯ ಮೇಲೆ ತಾವರೆಯೆಲೆಯಂಥ ಮಂಜುಗಡ್ಡೆಯ ಬಿಲ್ಲೆಗಳು ತೇಲಿಕೊಂಡು ಬರುವುದನ್ನು ಮೊನ್ನೆ ಟೀವಿಯಲ್ಲಿ ತೋರಿಸಿದರು. ಸೇತುವೆಯ ಮೇಲೆ ಜನ ನಿಂತು ಫೋಟೋ ತೆಗೆಯುತ್ತಿದ್ದರು. ನೀವು ದಿನಾ ದಾಟುವ ಸೇತುವೆ ಅದೇ ಇರಬೇಕೆಂದು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಎಲ್ಲರೂ ಮೂಗಿನವರೆಗೆ ಮಫ್ಲರು ಸುತ್ತಿಕೊಂಡಿದ್ದರು. ಅವರಲ್ಲಿ ಯಾರು ಬೇಕಾದರೂ ನೀವಾಗಿರಬಹುದಿತ್ತು. ಎಡ ಮೊಣಕಾಲು ಹೇಗಿದೆ? ಚಳಿಗೆ ಬಿಗಿಯುತ್ತದೆ ಎಂದಿದ್ದಿರಿ. ಮಲಗುವಾಗ ಉಣ್ಣೆಯ ಪಟ್ಟಿ ಹಾಕಿಕೊಳ್ಳುತ್ತಿದ್ದೀರಿ ತಾನೆ? ಕಳೆದ ಸಲ ಕಳಿಸಿದ ಕೆಂಪು ಮಿಸೊ ಈ ಹೊತ್ತಿಗೆ ಮುಗಿದಿರಬೇಕು. ಆ ಕಡೆಯ ಮಿಸೊ ಬಾಯಿಗೆ ಹತ್ತುವುದಿಲ್ಲ, ಸಾರು ಕುಡಿದ ಹಾಗೇ ಆಗುವುದಿಲ್ಲ ಎಂದು ಪ್ರತಿ ಚಳಿಗಾಲದಲ್ಲೂ ಹೇಳುತ್ತೀರಿ. ಈ ಪೆಟ್ಟಿಗೆಯಲ್ಲಿ ಎರಡು ಪೊಟ್ಟಣ ಹೆಚ್ಚಿಗೆ ಇಟ್ಟಿದ್ದೇನೆ. ಹೊಟ್ಟೆಯ ಮಾತ್ರೆಯನ್ನು ಊಟಕ್ಕೆ ಮೊದಲು ತೆಗೆದುಕೊಳ್ಳಿ, ಆಮೇಲಲ್ಲ.

ಇಲ್ಲಿ ಎಲ್ಲ ಇದ್ದಂತೆಯೇ ಇದೆ. ಮಾಯು ಹೊಸ ವರ್ಷಕ್ಕೆ ಬಂದು ಹೋದವಳು ಕನಝಾವಾದಿಂದ ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ಸ್ವಲ್ಪ ಕೆಮ್ಮುತ್ತಿದ್ದಳು, ಈಗ ಕಡಿಮೆಯಾಗಿದೆಯಂತೆ. ಮೂರನೇ ಮಹಡಿಯ ನಾಗಾಕುರಾ ಅವರ ಯಜಮಾನರನ್ನೂ ನಿಮ್ಮ ಹಾಗೆಯೇ ಕಂಪನಿಯವರು ಹಿರೊಶಿಮಾದಲ್ಲಿ ಒಂಟಿಯಾಗಿ ಇರಿಸಿದ್ದರಲ್ಲ, ಅವರು ಹೋದ ವಸಂತದಲ್ಲಿ ವಾಪಸು ಬಂದರು. ಕಸದ ಚೀಲ ಹಾಕುವ ಕಡೆ ಆಕೆ ಸಿಕ್ಕಾಗ ನಿಮ್ಮ ಅವಧಿಯೂ ಮಾರ್ಚಿಗೆ ಮುಗಿಯುತ್ತದೆಂದು ಹೇಳಿದೆ. ಆಕೆ ಚೀಲ ಕೆಳಗಿಟ್ಟು ಸೊಂಟ ನೇರ ಮಾಡಿಕೊಂಡು, "ಬರಲಿ ಬಿಡ್ರೀ, ಬಂದ್ರೇ ಗೊತ್ತಾಗೋದು. ನಮ್ಮೋರು ಮೊದಲನೇ ವಾರ ನೆಂಟರ ಥರ ಇದ್ರು. ಎರಡನೇ ವಾರದಿಂದ ಅತ್ತೆ ಥರ" ಎಂದು ನಕ್ಕರು. ನಾನೂ ನಕ್ಕೆ. ನಮ್ಮ ಕಟ್ಟಡದ ಹೆಂಗಸರೆಲ್ಲ ಈ ವಿಷಯಕ್ಕೆ ಒಂದೇ ಬಗೆಯಲ್ಲಿ ನಗುತ್ತಾರೆ.

ನಿಮ್ಮ ಅವಧಿಯ ವಿಷಯ. ಬೇಕಿದ್ದರೆ ಇನ್ನೆರಡು ವರ್ಷ ಅಲ್ಲೇ ಇರಬಹುದು, ಇಲ್ಲವಾದರೆ ಏಪ್ರಿಲ್‌ನಿಂದ ನಗೋಯಾದ ಕಚೇರಿಗೆ ಬರಬಹುದು, ಈ ತಿಂಗಳ ಕೊನೆಯೊಳಗೆ ತಿಳಿಸಿ ಎಂದು ಕಂಪನಿಯವರು ಕೇಳಿದ್ದಾರೆಂದು ಜನವರಿಯಲ್ಲಿ ನೀವು ಫೋನಿಗೆ ಬರೆದು ಕಳಿಸಿದ್ದಿರಿ. ಬರುತ್ತೇನೆಂದೇ ತಿಳಿಸುವವನಿದ್ದೇನೆ ಎಂದೂ ಬರೆದಿದ್ದಿರಿ. ನನ್ನ ಅಭಿಪ್ರಾಯ ಕೇಳಿರಲಿಲ್ಲ. ಕೇಳುವಂಥದ್ದು ಅದರಲ್ಲಿ ಏನೂ ಇಲ್ಲವೆಂದು ನನಗೂ ಆಗ ಅನ್ನಿಸಿತ್ತು. ಅದರ ಕೆಳಗೇ ಹೆಡ್‌ಫೋನಿನ ಮಾತು. "ಹಳೆಯದರ ಮೆತ್ತೆ ಪುಡಿಯಾಗಿದೆ. ಮಾದರಿಗೆಂದು ಕಳಿಸುತ್ತಿದ್ದೇನೆ. ಅಂಥದ್ದೇ ಇರಲಿ, ತೆರೆದ ಬೆನ್ನಿನದು. ದನಿ ಬೆಚ್ಚಗಿರಬೇಕು. ಎಷ್ಟು ಹೊತ್ತು ಹಾಕಿಕೊಂಡರೂ ನೋಯಬಾರದು. ಕಿವಿಯ ಹಿಂದಿನ ನೋವು ನಿನಗೆ ಗೊತ್ತಲ್ಲ. ನಾನು ಬರುವಷ್ಟರಲ್ಲಿ ಕಪಾಟಿನ ಮೇಲೆ ಇಟ್ಟಿರು." ಮದುವೆಯಾದ ಮೇಲೆ ನನ್ನ ಕೆಲಸದ ಬಗ್ಗೆ ನೀವು ಮೆಚ್ಚುಗೆಯ ಮಾತಾಡಿದ್ದು ಇದೇ ಮೊದಲೆಂದು ತೋರುತ್ತದೆ. ಕನ್ನಡಕದ ಅಂಗಡಿಯಲ್ಲಿ ನಾನು ಮಾಡುವುದು ಅದನ್ನೇ. ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸಿ, ಕಿವಿಯ ಹಿಂದಿನ ಮೂಳೆಗೆ ಅದು ಒತ್ತುತ್ತದೋ ಇಲ್ಲವೋ ಎಂದು ಬೆರಳಿಟ್ಟು ನೋಡುವುದು. ಅಂಗಡಿಯಲ್ಲಿ ನಿಂತು ಹಾಕಿಕೊಂಡಾಗ ಎಲ್ಲರೂ ಸರಿಯಾಗಿದೆ ಎನ್ನುತ್ತಾರೆ. ನೋವು ಶುರುವಾಗುವುದು ಮನೆಗೆ ಹೋದ ಮೇಲೆ.

ಹಳೆಯ ಹೆಡ್‌ಫೋನು, ಜೊತೆಗೆ ಹಾಡಿನ ಪ್ಲೇಯರು, ಎರಡನ್ನೂ ನೀವು ವೃತ್ತಪತ್ರಿಕೆಯಲ್ಲಿ ಸುತ್ತಿ ಕಳಿಸಿದ್ದಿರಿ. ಬಿಚ್ಚಿದಾಗ ಮೆತ್ತೆಯ ಕಪ್ಪು ಪುಡಿ ಮೇಜಿನ ತುಂಬ ಉದುರಿತು. ಒದ್ದೆ ಬಟ್ಟೆಯಲ್ಲಿ ಒರೆಸುತ್ತಾ, ಇಷ್ಟು ವರ್ಷದಲ್ಲಿ ಇದನ್ನು ನಾನು ಮುಟ್ಟುತ್ತಿರುವುದು ಇದೇ ಮೊದಲ ಸಲ ಎಂದು ಹೊಳೆಯಿತು. ಮುಟ್ಟಬಾರದೆಂದು ನೀವೇನೂ ಹೇಳಿರಲಿಲ್ಲ. ಮದುವೆಯಾದ ಹೊಸದರಲ್ಲಿ ಒಂದು ಭಾನುವಾರ, "ಇದನ್ನ ಹಾಕ್ಕೊಂಡಾಗ ನಾನು ಮನೇಲಿಲ್ಲ ಅಂತ ತಿಳ್ಕೊ" ಎಂದಿದ್ದಿರಿ, ಅಷ್ಟೆ. ನಗುತ್ತಲೇ ಹೇಳಿದ್ದಿರಿ. ಗೋಡೆಗಳು ತೆಳು, ಪಕ್ಕದ ಮನೆಯವರು ಸೀನಿದರೂ ತಿಳಿಯುತ್ತದೆ, ಈ ಊರಿನಲ್ಲಿ ಸಂಗೀತ ಬೇಕೆನ್ನುವವರು ಕಿವಿಯೊಳಗೇ ಕೇಳಬೇಕು. ಅದನ್ನು ನಾನು ಗಂಡಸಿನ ಸಭ್ಯತೆಯೆಂದೇ ಎಣಿಸಿದ್ದೆ. ಕುಡಿಯುತ್ತಿರಲಿಲ್ಲ, ಜೂಜಾಡುತ್ತಿರಲಿಲ್ಲ, ಸಂಜೆ ಬಂದು ಕಿಟಕಿಯ ಕಡೆ ಮುಖ ಮಾಡಿ ಕೂತು ಕಿವಿಗೆ ಅದನ್ನು ಹಾಕಿಕೊಳ್ಳುತ್ತಿದ್ದಿರಿ. ನಮಗೆ ಕಾಣುತ್ತಿದ್ದದ್ದು ನಿಮ್ಮ ಬೆನ್ನು. ಕೇಳುತ್ತಿದ್ದದ್ದು ತಾಳದ ತಟ್ಟೆಯ ಚಿಕ್ ಚಿಕ್ ಮಾತ್ರ, ಕಾಗದದ ಪೆಟ್ಟಿಗೆಯಲ್ಲಿ ಜೀರುಂಡೆ ಇಟ್ಟ ಹಾಗೆ. ನಿಮ್ಮ ಸಂಗೀತವೆಂದರೆ ನನಗೆ ಅದೇ.

ಊಟಕ್ಕೆ ಕರೆಯುವುದಕ್ಕೆ ನಾನು ದೀಪದ ಸ್ವಿಚ್ಚನ್ನು ಒತ್ತಿ ಬಿಡುತ್ತಿದ್ದದ್ದು ನೆನಪಿದೆಯೆ? ಕೂಗಿದರೆ ಕೇಳಿಸುವುದಿಲ್ಲ, ಭುಜ ಮುಟ್ಟಿದರೆ ಬೆಚ್ಚುತ್ತೀರಿ ಎಂದು ನಾನೇ ಕಂಡುಕೊಂಡ ಉಪಾಯ. ಒಮ್ಮೆ ಆರಿಸಿ ಹೊತ್ತಿಸಿದರೆ ಊಟ, ಎರಡು ಸಲವಾದರೆ ಫೋನು. ಮಾಯು ಚಿಕ್ಕವಳಿದ್ದಾಗ ಅದೇ ಅವಳಿಗೆ ಆಟ. "ಅಪ್ಪನ್ನ ಆನ್ ಮಾಡ್ತೀನಿ" ಎಂದು ಮುಕ್ಕಾಲಿಯ ಮೇಲೆ ಹತ್ತಿ ನಿಲ್ಲುತ್ತಿದ್ದಳು. ಸ್ನಾನಕ್ಕೆ ಮಾತ್ರ ನಿಮ್ಮನ್ನು ಕರೆಯಬೇಕಾಗಿರಲಿಲ್ಲ. ತೊಟ್ಟಿಗೆ ಬಿಸಿನೀರು ತುಂಬಿದ ಕೂಡಲೇ ಸ್ನಾನದ ಮನೆಯ ಯಂತ್ರ ಒಂದು ರಾಗ ನುಡಿಸಿ, 'ಸ್ನಾನದ ನೀರು ಸಿದ್ಧವಾಗಿದೆ' ಎಂದು ಹೆಣ್ಣುದನಿಯಲ್ಲಿ ಹೇಳುತ್ತಿತ್ತು. ನಾನು ಅಡುಗೆಮನೆಯಿಂದ ಕೈ ಒರೆಸಿಕೊಂಡು ಸ್ವಿಚ್ಚಿನ ಹತ್ತಿರ ಬರುವಷ್ಟರಲ್ಲಿ ನೀವು ಎದ್ದು ಟವೆಲು ಹೆಗಲಿಗೆ ಹಾಕಿಕೊಂಡಿರುತ್ತಿದ್ದಿರಿ. ಎಷ್ಟು ಕಟ್ಟುನಿಟ್ಟಿನ ಮನುಷ್ಯ, ಗಡಿಯಾರವೇ ಬೇಡ ಎಂದುಕೊಳ್ಳುತ್ತಿದ್ದೆ. ನಾಗಾಕುರಾ ಅವರಿಗೂ ಒಮ್ಮೆ ಹೇಳಿಕೊಂಡು ಹೆಮ್ಮೆಪಟ್ಟಿದ್ದೆ.

ಮೇಜು ಒರೆಸುತ್ತಿದ್ದಾಗ ಇನ್ನೊಂದೂ ನೆನಪಿಗೆ ಬಂತು. ಅದನ್ನು ನಾವಿಬ್ಬರೂ ಮತ್ತೆ ಮಾತಾಡಿಲ್ಲ. ಮಾವನವರ ಹದಿಮೂರನೆಯ ವರ್ಷದ ಶ್ರಾದ್ಧದ ಹಿಂದಿನ ದಿನ ನಾನು ಒಲೆಯ ಮುಂದೆ ತಾವರೆ ಗೆಡ್ಡೆ ಬೇಯಿಸುತ್ತಿದ್ದೆ. ತಕಯಾಮಾದಿಂದ ಅಣ್ಣನ ಫೋನು ಬಂತು. "ಅಪ್ಪನಿಗೆ ಉಸಿರು ಸಿಗ್ತಿಲ್ಲ ಕಣೇ ತೊಶಿಯೆ. ಆಸ್ಪತ್ರೆಯವರು ಎಲ್ಲರನ್ನೂ ಕರೆಸಿ ಅಂದಿದ್ದಾರೆ. ಈಗಲೇ ಹೊರಡು." ನಾನು ಅಪ್ಪನ ವಿಷಯ ಹೇಳಿದಾಗ ಅತ್ತೆ ಅಣಬೆ ನೆನೆಹಾಕುತ್ತಿದ್ದವರು ತಲೆ ಎತ್ತಲಿಲ್ಲ. "ಸಾಯೋರು ಕರೆದ ತಕ್ಷಣ ಸಾಯಲ್ಲ ತಾಯಿ. ನಾಳೆ ಗುರುಗಳು ಬರ್ತಾರೆ, ನೆಂಟರು ಬರ್ತಾರೆ. ಸೊಸೆ ಎಲ್ಲಿ ಅಂದ್ರೆ ನಾನೇನು ಹೇಳಲಿ, ತೌರಿಗೆ ಓಡಿಹೋದ್ಲು ಅನ್ನಲಾ? ಬಸ್ ಓಡಿಸ್ತಿದ್ದ ಮನುಷ್ಯ ನಿಮ್ಮಪ್ಪ. ಎಷ್ಟು ಜನರನ್ನ ಕಾಯಿಸಿದ್ದಾನೋ. ಒಂದು ದಿನ ತಾನೂ ಕಾಯಲಿ." ನಡುವಿನ ಕಾಗದದ ಬಾಗಿಲು ತೆರೆದೇ ಇತ್ತು. ನೀವು ಅಲ್ಲೇ, ಕೈಚಾಚಿದರೆ ಸಿಗುವಷ್ಟು ದೂರದಲ್ಲಿ, ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಿರಿ. ನಾನು ಬಾಗಿಲಲ್ಲಿ ನಿಂತು ನಿಮ್ಮ ಬೆನ್ನನ್ನು ನೋಡಿದೆ. ಅವರ ಮಾತು ಮುಗಿದ ಮೇಲೂ ನಿಂತಿದ್ದೆ. ಅತ್ತೆಯ ಎದುರಿಗೆ ನಾನು ನಿಮ್ಮನ್ನು ಎಬ್ಬಿಸಿ ಕೇಳುವಂತಿರಲಿಲ್ಲ, ಅದು ಅವರ ಮಾತಿನ ಮೇಲೆ ದೂರು ಕೊಟ್ಟಂತೆ ಆಗುತ್ತಿತ್ತು. ನೀವಾಗಿಯೇ ತಿರುಗಿ, ಹೋಗು ಎಂದಿದ್ದರೆ ಸಾಕಿತ್ತು. ಆ ಹೊತ್ತು ತಾಳದ ಚಿಕ್ ಚಿಕ್ ಕೂಡ ಕೇಳುತ್ತಿರಲಿಲ್ಲ. ಯಾವುದೋ ಮೆಲ್ಲನೆಯ ಹಾಡು ಇರಬೇಕೆಂದುಕೊಂಡೆ. ತಕಯಾಮಾಕ್ಕೆ ಹೋಗುವ ಕೊನೆಯ ರೈಲು ಹೊರಡುವ ಹೊತ್ತು ಗಡಿಯಾರದಲ್ಲಿ ಬಂದು ದಾಟಿಹೋಗುವುದನ್ನು ನೋಡುತ್ತಾ ತಾವರೆ ಗೆಡ್ಡೆಗೆ ಸೋಯಾ ಹಾಕಿದೆ.

ಮರುದಿನ ಶ್ರಾದ್ಧ ಮುಗಿಸಿ ನಾನು ಅಲ್ಲಿಗೆ ತಲುಪುವ ಹೊತ್ತಿಗೆ ಅಪ್ಪನ ಮುಖದ ಮೇಲೆ ಬಿಳಿ ಬಟ್ಟೆ ಹೊದಿಸಿದ್ದರು. "ಬಾಗಿಲ ಕಡೆಗೇ ನೋಡ್ತಿದ್ದ" ಎಂದು ಅಣ್ಣ ಹೇಳಿದ. ಇವತ್ತಿಗೂ ಅವನು ನನ್ನ ಹತ್ತಿರ ಹವೆಯ ಬಗ್ಗೆ ಬಿಟ್ಟು ಬೇರೇನೂ ಮಾತಾಡುವುದಿಲ್ಲ. ಹಿಂದಿರುಗಿದ ಮೇಲೆ ನೀವು ನನ್ನೆದುರು ಕೂತು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದಿರಿ: "ನನಗೆ ಕೇಳಿಸಲಿಲ್ಲ ತೊಶಿಯೆ. ಕೇಳಿಸಿದ್ದರೆ ನಾನೇ ಸ್ಟೇಷನ್ನಿಗೆ ಬಿಟ್ಟು ಬರ್ತಿದ್ದೆ." ನಾನು ಅದನ್ನು ನಂಬಿದೆ. ನಂಬಿದೆ ಅನ್ನುವುದಕ್ಕಿಂತ ಅದನ್ನು ಇಟ್ಟುಕೊಂಡೆ. ಅತ್ತೆಯ ಮೇಲಿನ ಸಿಟ್ಟು ಅತ್ತೆಯ ಮೇಲೇ ಇರಲಿ, ಅದು ಮನೆಯ ಉಳಿದ ಭಾಗಕ್ಕೆ ಹರಡದಿರಲಿ ಎಂದು ನಡುವೆ ಹಾಕಿಕೊಂಡ ತಡಿಕೆ ಅದು. ನೀವು ಕುಶಿರೋಗೆ ಹೋದ ಮೇಲೆ ಅವರು ಹಾಸಿಗೆ ಹಿಡಿದಾಗ ಕೊನೆಯವರೆಗೂ ನಾನು ಅವರ ಮೈ ಒರೆಸಲು ಸಾಧ್ಯವಾದದ್ದೂ ಆ ಒಂದು ಮಾತಿನಿಂದಲೇ. ಇದು ನಿಮ್ಮ ತಾಯಿ, ನೀವು ನನಗೆ ಏನೂ ಮಾಡಿದವರಲ್ಲ ಎಂದುಕೊಂಡು ಬಟ್ಟಲಿಗೆ ಬಿಸಿನೀರು ಹಾಕುತ್ತಿದ್ದೆ.

ಇರಲಿ. ಹೆಡ್‌ಫೋನಿನ ವಿಷಯಕ್ಕೆ ಬರುತ್ತೇನೆ. ಮೊನ್ನೆ ರಜೆಯ ದಿನ ಓಸು ಪೇಟೆಗೆ ಹೋದೆ. ಆ ಸಾಲಂಗಡಿಗಳ ಹಿಂದೆ, ಕರಿದ ಕೋಳಿಯ ವಾಸನೆ ಹತ್ತುವ ಮೆಟ್ಟಿಲುಗಳ ಮೇಲೆ, ಬರೀ ಹೆಡ್‌ಫೋನುಗಳ ಮಹಡಿಯೊಂದಿದೆ. ಸೀಲಿಂಗಿನಿಂದ ನೆಲದವರೆಗೂ ಅವೇ, ತಲೆಗಳಿಲ್ಲದೆ ನೇತಾಡುತ್ತಿದ್ದವು. ನಮ್ಮ ಅಂಗಡಿಯ ಫ್ರೇಮುಗಳ ಗೋಡೆಯೂ ಹೊಸಬರಿಗೆ ಹೀಗೇ ಕಾಣುತ್ತದೇನೋ. ಹಿರಾಬಾಯಾಶಿ ಎಂದು ಎದೆಯ ಮೇಲೆ ಹೆಸರು ಹಾಕಿಕೊಂಡಿದ್ದ ಹೆಂಗಸೊಬ್ಬಳು ಬಂದಳು. ನನ್ನ ವಯಸ್ಸಿನವಳೇ, ಗಿಡ್ಡ ಕೂದಲು, ಮಾತು ಜಾಸ್ತಿ. ಯಾರಿಗೆ ಎಂದು ಕೇಳಿದಳು. ಯಜಮಾನರಿಗೆ ಎಂದೆ. "ಅಯ್ಯೋ, ಅವರನ್ನೇ ಕರ್ಕೊಂಡು ಬರಬೇಕಿತ್ತಲ್ಲಮ್ಮಾ. ತಲೆ ಇಲ್ದೆ ಟೋಪಿ ಅಳತೆ ತಗೊಂಡ ಹಾಗಾಗುತ್ತೆ" ಎಂದಳು. ಆಗ ನಾನು ಚೀಲದಿಂದ ನಿಮ್ಮ ಹಳೆಯ ಕನ್ನಡಕ ತೆಗೆದು ಹಾಕಿಕೊಂಡೆ. ಅದರ ಕಡ್ಡಿಗಳನ್ನು ನಾನೇ ಬಗ್ಗಿಸಿದ್ದು, ನಿಮ್ಮ ತಲೆಯ ಅಗಲ ನನಗೆ ಗೊತ್ತು. ಹೆಡ್‌ಫೋನು ಕನ್ನಡಕದ ಕಡ್ಡಿಯನ್ನು ಒಳಕ್ಕೆ ಒತ್ತುವ ಜಾಗದಲ್ಲೇ ನಿಮಗೆ ತಲೆನೋವು ಶುರುವಾಗುತ್ತಿತ್ತು. ಆಕೆ ಬಾಯಿ ಮುಚ್ಚಿಕೊಂಡು ನಕ್ಕಳು. "ಗಂಡನ ಕನ್ನಡಕ ಹಾಕ್ಕೊಂಡು ಬಂದೋರನ್ನ ಇದೇ ಮೊದಲು ನೋಡ್ತಿರೋದು. ಬನ್ನಿ, ಕೂತ್ಕೊಳ್ಳಿ. ಅವಸರ ಮಾಡಬೇಡಿ. ಇದು ಅವಸರದಲ್ಲಿ ತಿಳಿಯೋ ವಸ್ತು ಅಲ್ಲ."

ಒಂದೊಂದನ್ನೂ ಹಾಕಿಕೊಂಡು ಬಹಳ ಹೊತ್ತು ಕೂತೆ. ಮೊದಲನೆಯದು ಚರ್ಮದ ಮೆತ್ತೆಯದು. ಹಾಕಿದ ಕೂಡಲೇ ಹಿತ, ಸ್ವಲ್ಪ ಹೊತ್ತಿಗೆ ಕಿವಿ ಬೆವರಿ, ಸ್ನಾನದ ಮನೆಯ ಬಾಗಿಲು ಮುಚ್ಚಿದ ಹಾಗಾಯಿತು. ಎರಡನೆಯದು ಹಗುರ, ಆದರೆ ಬಿಗಿ. ಕನ್ನಡಕದ ಕಡ್ಡಿ ಮೂಳೆಯನ್ನು ಹುಡುಕಿಕೊಂಡು ಹೋಯಿತು. ಅದರ ದನಿಯೂ ಚುಚ್ಚುವಂಥದ್ದು. ತಾಳದ ಪ್ರತಿ ಪೆಟ್ಟೂ ಸೂಜಿ. ಬೆಚ್ಚಗಿನ ದನಿ ಎಂದರೇನು ಎಂದು ಹಿರಾಬಾಯಾಶಿಯನ್ನು ಕೇಳಿದೆ. ನಮ್ಮಲ್ಲಿ ಗಾಜಿಗೆ ತೆಳುವಾದ ಕಂದು ಬಣ್ಣ ಹಾಕಿಸಿದರೆ ಬೆಚ್ಚಗಿದೆ ಎನ್ನುತ್ತೇವೆ. ಆಕೆ ಹೇಳಿದಳು: "ಹಾಗೇ ಅಂದ್ಕೊಳ್ಳಿ. ತಗ್ಗಿನ ಸ್ವರಗಳು ತುಂಬ್ಕೊಂಡಿರುತ್ತೆ, ಮೇಲಿನವು ಚುಚ್ಚಲ್ಲ. ಹಾಡೋರು ಎದುರಿಗೆ ನಿಂತು ಹಾಡಲ್ಲ, ಪಕ್ಕದಲ್ಲಿ ಕೂತು ಹಾಡ್ತಾರೆ. ದಿನಗಟ್ಟಲೆ ಕೇಳೋರಿಗೆ ಅದೇ ಬೇಕು. ಚುರುಕು ದನಿ ಅಂಗಡೀಲಿ ಚೆನ್ನ, ಮನೇಲಿ ತಲೆನೋವು." ಆಮೇಲೆ ಆಕೆ, "ಆ ಹಳೇದನ್ನ ಒಂದ್ಸಲ ಹಾಕ್ಕೊಳ್ಳಿ. ಅಂಥದ್ದೇ ಅಂದ್ರೆ ಎಂಥದ್ದು ಅಂತ ನಿಮಗೂ ತಿಳೀಬೇಕಲ್ಲ" ಎಂದು, ಪುಡಿಯಾಗಿದ್ದ ಮೆತ್ತೆಗಳನ್ನು ಕಿತ್ತು ತನ್ನಲ್ಲಿದ್ದ ಬೇರೆ ಮಕಮಲ್ಲಿನ ಮೆತ್ತೆಗಳನ್ನು ಅದಕ್ಕೆ ಸಿಕ್ಕಿಸಿ ಕೊಟ್ಟಳು. ನಿಮ್ಮ ಪ್ಲೇಯರನ್ನೇ ಜೋಡಿಸಿದೆ. ನೀವು ಇಟ್ಟಿದ್ದ ದನಿಯ ಮಟ್ಟವನ್ನು ಹೆಚ್ಚಿಸಲೂ ಇಲ್ಲ, ತಗ್ಗಿಸಲೂ ಇಲ್ಲ. ಜೋರು ದನಿ ನಿಮಗೆ ಎಂದೂ ಆಗುತ್ತಿರಲಿಲ್ಲ.

ಚೆನ್ನಾಗಿತ್ತು, ರೀ. ಇಷ್ಟು ವರ್ಷ ನನಗೆ ಜೀರುಂಡೆಯಾಗಿದ್ದದ್ದರ ಕೆಳಗೆ ಇಷ್ಟೆಲ್ಲ ಇತ್ತೆಂದು ನಾನು ಎಣಿಸಿರಲಿಲ್ಲ. ಒಬ್ಬ ಹೆಂಗಸು ತಗ್ಗಿದ ದನಿಯಲ್ಲಿ ಹಾಡುತ್ತಿದ್ದಳು, ಹಿಂದೆ ಯಾರೋ ದಪ್ಪ ತಂತಿಯನ್ನು ಬೆರಳಿನಿಂದ ಎಳೆದು ಬಿಡುತ್ತಿದ್ದರು, ಎಳೆಯುವ ಮುಂಚೆ ಉಸಿರು ತೆಗೆದುಕೊಳ್ಳುವುದೂ ಕೇಳುತ್ತಿತ್ತು. ತಲೆಯ ಮೇಲೆ ಭಾರವಿರಲಿಲ್ಲ, ಕಡ್ಡಿ ಒತ್ತಲಿಲ್ಲ. ಒಂದು ಕ್ಷಣ ನಿಮ್ಮ ಮೇಲೆ ಪ್ರೀತಿಯೂ ಹುಟ್ಟಿತು. ಇಂಥದ್ದೊಂದನ್ನು ನನಗೂ ಒಂದು ದಿನ ಕೇಳಿಸಬಾರದಿತ್ತೆ ಎಂದು ಸಣ್ಣ ಮುನಿಸೂ ಜೊತೆಗೇ ಇತ್ತು. ನಾನು ಅಂಗಡಿಯ ಕಡೆ ಬೆನ್ನು ಮಾಡಿ ಗೋಡೆಯನ್ನು ನೋಡುತ್ತಾ ಕೂತಿದ್ದೆ. ಹಾಡು ನಡೆಯುತ್ತಲೇ ಇತ್ತು. ಆಗ ಹಿಂದಿನಿಂದ ಇಬ್ಬರು ಮಾತಾಡಿದರು. ಗಂಡಹೆಂಡತಿ ಇರಬೇಕು, ಆ ಕುರ್ಚಿಗಾಗಿ ಕಾಯುತ್ತಿದ್ದವರು.

"ಆ ಅಜ್ಜಿ ಇನ್ನೂ ಏಳಲ್ವಾ? ಬೇರೂರಿಬಿಟ್ಟಿದೆ."

"ಶ್, ಮೆಲ್ಲಗೆ. ಕೇಳಿಸುತ್ತೆ."

"ಎಲ್ಲಿ ಕೇಳಿಸುತ್ತೆ? ಕಿವಿಗೆ ಹಾಕ್ಕೊಂಡಿದ್ದಾಳಲ್ಲ. ನೋಡೇ, ಗಂಡಸರ ಕನ್ನಡಕ ಬೇರೆ. ತಲೆ ಸರಿ ಇದೆಯೋ ಇಲ್ಲವೋ."

"ಪಾಪ ಬಿಡ್ರೀ. ಮನೇಲಿ ಯಾರೂ ಇಲ್ವೇನೋ."

ಒಂದೊಂದು ಅಕ್ಷರವೂ ಕೇಳಿಸಿತು. ಹಾಡುವ ಹೆಂಗಸಿನ ದನಿಗೂ ಅವರ ದನಿಗೂ ನಡುವೆ ಒಂದು ತೆಳು ಪರದೆಯೂ ಇರಲಿಲ್ಲ. ತಿರುಗಿ ನೋಡಬೇಕೆಂದುಕೊಂಡೆ, ತಿರುಗಲಿಲ್ಲ. ತಿರುಗಿದರೆ ಅವರಿಗೆ ಮುಜುಗರ, ನನಗೂ ಮುಜುಗರ, ಏನಾದರೂ ಹೇಳಬೇಕಾಗುತ್ತದೆ. ಕೂತೇ ಇದ್ದರೆ ಏನೂ ಆಗಿರುವುದಿಲ್ಲ. ತಲೆಯನ್ನು ತಾಳಕ್ಕೆ ಸ್ವಲ್ಪ ಆಡಿಸಿದೆ ಕೂಡ. ಅದು ಎಷ್ಟು ಸುಲಭವೆಂದು, ಎಷ್ಟು ಹಿತವೆಂದು ಹೇಳಿದರೆ ನಿಮಗೆ ಹೊಸತೇನೂ ಅನ್ನಿಸಲಾರದು. ನನಗೆ ಹೊಸತಾಗಿತ್ತು. ನಿಮ್ಮ ಕನ್ನಡಕ, ನಿಮ್ಮ ಹೆಡ್‌ಫೋನು, ನಿಮ್ಮ ಹಾಡು, ಅದರೊಳಗೆ ನಾನು ನಿಮ್ಮ ಬೆನ್ನಿನ ಹಾಗೆ ಕೂತಿದ್ದೆ. ಆಮೇಲೆ ತಲೆ ಆಡಿಸುವುದನ್ನು ನಿಲ್ಲಿಸಿದೆ.

ಅವರು ಬೇರೆ ಕಡೆಗೆ ಹೋದ ಮೇಲೆ ಅದನ್ನು ತೆಗೆದು ಹಿರಾಬಾಯಾಶಿಯನ್ನು ಕೇಳಿದೆ. ಇದು ಹಳೆಯದಾಗಿ ಹೀಗಾಗಿದೆಯೆ? ಮೆತ್ತೆ ಬೇರೆಯದಾದ್ದರಿಂದಲೆ? ಹೊಸದರಲ್ಲಿ ಹೊರಗಿನ ಮಾತು ಕೇಳುತ್ತಿರಲಿಲ್ಲವೇನೋ? ಆಕೆಗೆ ನನ್ನ ಪ್ರಶ್ನೆ ಅರ್ಥವಾಗಲಿಲ್ಲ. ಹೆಡ್‌ಫೋನನ್ನು ತಿರುಗಿಸಿ ಬಟ್ಟಲುಗಳ ಹೊರಬದಿ ತೋರಿಸಿದಳು. ಅಲ್ಲಿ ಸಣ್ಣ ತೂತುಗಳ ಜಾಲರಿ, ಅದರಾಚೆ ಆಕೆಯ ಬೆರಳು ಕಾಣುತ್ತಿತ್ತು. "ಇದಕ್ಕೇ ತೆರೆದ ಬೆನ್ನು ಅನ್ನೋದಮ್ಮಾ. ಹೊಸದರಿಂದಲೂ ಹೀಗೇ. ಗಾಳಿ ಆಡುತ್ತೆ, ಕಿವಿ ಬೇಯಲ್ಲ, ದನಿಯೂ ಬಿಚ್ಚಿಕೊಂಡಿರುತ್ತೆ. ಒಳಗಿಂದು ಹೊರಗೆ ಹೋಗುತ್ತೆ, ಹೊರಗಿಂದು ಒಳಗೆ ಬರುತ್ತೆ. ನಿಮ್ಮ ಯಜಮಾನರ ಹಾಗೆ ಮೆಲ್ಲಗೆ ಇಟ್ಕೊಂಡು ಕೇಳೋರಿಗಂತೂ ಎಲ್ಲಾ ಕೇಳಿಸುತ್ತೆ. ಸುಮಾರು ಜನ ಇದನ್ನ ಕೊಳ್ಳೋದೇ ಅದಕ್ಕೆ. ಮನೇಲಿ ಹೆಂಡತಿ ಕರೆದ್ರೆ ಗೊತ್ತಾಗಲಿ ಅಂತ." ಆಕೆ ಕೊನೆಯ ಮಾತನ್ನು ನನ್ನನ್ನು ಸಂತೋಷಪಡಿಸಲೆಂದು ಹೇಳಿದಳು. ಎಂಥ ಒಳ್ಳೆಯ ಗಂಡ ಎಂಬಂತೆ ತಲೆ ಆಡಿಸಿದಳು.

ಸ್ನಾನದ ಯಂತ್ರದ ಹೆಂಗಸಿನ ದನಿ ನೆನಪಾಯಿತು. ಅವಳು ಒಮ್ಮೆ ಹೇಳಿದರೆ ಏಳುತ್ತಿದ್ದಿರಿ. ನಾನು ದೀಪ ಆರಿಸಿ ಹೊತ್ತಿಸುತ್ತಿದ್ದೆ. ಮಾಯು ಮುಕ್ಕಾಲಿಯನ್ನು ನೆಲದ ಮೇಲೆ ಎಳೆದುಕೊಂಡು ಬರುವುದು, ಅವಳು ಕಿಸಿಕಿಸಿ ನಗುವುದು, ನಾನು "ಶ್, ಈಗ ಒತ್ತು" ಎನ್ನುವುದು, ಇವೆಲ್ಲವನ್ನೂ ಕೇಳುತ್ತಾ ನೀವು ದೀಪ ಆರುವುದನ್ನೇ ಕಾಯುತ್ತಿದ್ದಿರಿ. ಅದನ್ನು ಬೇಕಾದರೆ ಆಟವೆಂದು ಬಿಡೋಣ. ಮಗುವಿಗೆ ಅದು ಆಟವೇ ಆಗಿತ್ತು. ಮಿಕ್ಕಿದ್ದನ್ನು ಏನೆಂದು ಕರೆಯಬೇಕೋ ನನಗೆ ತಿಳಿಯುತ್ತಿಲ್ಲ. ಆ ಸಂಜೆ ಬಾಗಿಲಲ್ಲಿ ನಿಂತು ನಾನು ನಿಮ್ಮ ಬೆನ್ನನ್ನು ನೋಡುತ್ತಿದ್ದೆನಲ್ಲ, ನನ್ನ ಕಾಲಡಿ ಚಾಪೆ ಕಿರುಗುಟ್ಟಿದ್ದೂ ನಿಮಗೆ ಕೇಳಿಸಿರಬೇಕು. ಹಾಡು ಇತ್ತೋ ಇಲ್ಲವೋ ಅದೂ ಈಗ ಅನುಮಾನವೇ.

ಅತ್ತೆ ಸಾಯುವ ಮುಂಚಿನ ಚಳಿಗಾಲದಲ್ಲಿ ಒಂದು ದಿನ, ನಾನು ಅವರ ಬೆನ್ನು ಉಜ್ಜುತ್ತಿದ್ದಾಗ, ಇದ್ದಕ್ಕಿದ್ದ ಹಾಗೆ ಹೇಳಿದರು: "ಅವನಿಗೆ ಎಲ್ಲಾ ಕೇಳಿಸ್ತಿತ್ತು ಕಣೇ. ಕೇಳಿಸುತ್ತೆ ಅಂತಾನೇ ನಾನು ಅಷ್ಟು ಜೋರಾಗಿ ಹೇಳ್ತಿದ್ದದ್ದು. ಒಂದು ದಿನವಾದ್ರೂ ಎದ್ದು ಬಂದು ಸುಮ್ಮನಿರಮ್ಮಾ ಅಂತಾನೇನೋ ಅಂತ." ಆ ದಿನಗಳಲ್ಲಿ ಅವರು ಏನೇನೋ ಆಡುತ್ತಿದ್ದರು, ಸತ್ತವರನ್ನು ಊಟಕ್ಕೆ ಕರೆಯುತ್ತಿದ್ದರು. ಇದೂ ಅಂಥದ್ದೇ ಎಂದು ಟವೆಲು ಹಿಂಡಿದೆ. ಅವರೂ ನನ್ನ ಹಾಗೆ ಆ ಬೆನ್ನನ್ನೇ ನೋಡಿಕೊಂಡು ಮಾತಾಡುತ್ತಿದ್ದರೆಂದು ಓಸುವಿನ ಆ ಕುರ್ಚಿಯಲ್ಲಿ ಕೂತು ತಿಳಿಯಿತು. ನಾವಿಬ್ಬರು ಹೆಂಗಸರು ಇಷ್ಟು ವರ್ಷ ಒಬ್ಬರನ್ನೊಬ್ಬರು ಹರಿದುಕೊಂಡದ್ದು ನಿಮಗೆ ಕೇಳಿಸಲೆಂದು, ನೀವು ಕೇಳುತ್ತಿದ್ದಿರಿ.

ಆಯ್ಕೆಯ ಮಾತು ಮುಗಿಸುತ್ತೇನೆ. ಕೊನೆಗೆ ತೆಗೆದುಕೊಂಡದ್ದು ಮಕಮಲ್ಲಿನ ಮೆತ್ತೆಯದು, ನೀವು ಹೇಳಿದಂತೆ ತೆರೆದ ಬೆನ್ನಿನದೇ. ಹಳೆಯದಕ್ಕಿಂತ ಹಗುರ. ದನಿ ಬೆಚ್ಚಗಿದೆ, ಆ ಹೆಂಗಸಿನ ಹಾಡನ್ನು ಅದರಲ್ಲೂ ಪೂರ್ತಿ ಕೇಳಿ ನೋಡಿದೆ, ಉಸಿರು ಸಹಿತ ಬರುತ್ತದೆ. ಹೊಸದರಲ್ಲಿ ತಲೆಯ ಪಟ್ಟಿ ಸ್ವಲ್ಪ ಬಿಗಿ ಅನ್ನಿಸಬಹುದು. ಎಳೆಯಲು ಹೋಗಬೇಡಿ. ತಲೆಯಷ್ಟು ಅಗಲದ ಪುಸ್ತಕಗಳ ಕಟ್ಟಿಗೆ ಕೆಲವು ದಿನ ಹಾಕಿಟ್ಟರೆ ತಾನೇ ಸಡಿಲವಾಗುತ್ತದೆಂದು ಹಿರಾಬಾಯಾಶಿ ಹೇಳಿದಳು. ಮೆತ್ತೆಗಳನ್ನು ಬಿಚ್ಚಿ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಬಹುದು, ಹಿಂಡಬಾರದು. ಕನ್ನಡಕದ ಬಲಗಡೆಯ ಕಡ್ಡಿ ಸಡಿಲವಾಗಿದ್ದರೆ ಅಲ್ಲಿಯ ಅಂಗಡಿಯಲ್ಲಿ ಬಗ್ಗಿಸಿಕೊಳ್ಳಿ, ಕಿವಿಯ ಹಿಂದೆ ಬೆರಳು ನುಗ್ಗುವಷ್ಟು ಜಾಗ ಬಿಡಲು ಹೇಳಿ. ನನಗೆ ಗೊತ್ತಿರುವ ಮಟ್ಟಿಗೆ ಇದು ಎಷ್ಟು ಹೊತ್ತು ಹಾಕಿಕೊಂಡರೂ ನಿಮಗೆ ನೋಯುವುದಿಲ್ಲ. ಕೆಲಸವನ್ನು ಸರಿಯಾಗಿ ಮಾಡಿದ್ದೇನೆಂಬ ತೃಪ್ತಿ ನನಗಿದೆ.

ಚಳಿ ಇನ್ನೂ ಒಂದು ತಿಂಗಳಿದೆ. ಮಂಜುಗಡ್ಡೆಯ ಮೇಲೆ ನಡೆಯುವಾಗ ಜೇಬಿನೊಳಗೆ ಕೈ ಇಟ್ಟುಕೊಳ್ಳಬೇಡಿ. ಮಾಯುವಿಗೆ ಒಂದು ಫೋನು ಮಾಡಿ, ಅವಳು ತಾನಾಗಿ ನಿಮಗೆ ಮಾಡುವುದಿಲ್ಲ, ನಿಮ್ಮ ಮಗಳಲ್ಲವೆ. ನಿಮ್ಮ ಕಚೇರಿಯ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿ. ಆರೋಗ್ಯ ನೋಡಿಕೊಳ್ಳಿ.

ಇತಿ,
ತೊಶಿಯೆ

ಮತ್ತೆ: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆದು ಮುಗಿಸುತ್ತೇನೆ. ಹೆಡ್‌ಫೋನನ್ನು ಕಪಾಟಿನ ಮೇಲೆ ಇಡಲು ಹೇಳಿದ್ದಿರಿ. ಇಟ್ಟಿಲ್ಲ. ನಿಮ್ಮ ಪ್ಲೇಯರಿನ ಜೊತೆ ಇದೇ ಪೆಟ್ಟಿಗೆಯಲ್ಲಿ ಮಿಸೊ ಪೊಟ್ಟಣಗಳ ಕೆಳಗಿದೆ. ಅದು ಬೇಕಾಗುವುದು ಅಲ್ಲಿಯೇ. ಇನ್ನೆರಡು ವರ್ಷ ಇರುತ್ತೇನೆಂದು ಕಂಪನಿಯವರಿಗೆ ಈ ತಿಂಗಳೊಳಗೆ ತಿಳಿಸಿಬಿಡಿ. ಆಮೇಲೂ ಅಲ್ಲೇ ಒಂದು ಮನೆ ನೋಡಿಕೊಳ್ಳಿ. ಈ ಮನೆಗೆ ಬರಬೇಡಿ. ಫೋನಿನಲ್ಲಿ ಹೇಳಬಹುದಿತ್ತು. ಹೇಳಿದ್ದರೆ ನೀವು ಕೇಳಿಸಲಿಲ್ಲ ಎನ್ನುತ್ತಿದ್ದಿರಿ.